ಏಳನೇ ನಂಬರಿನ ಕಡಲತೀರ

ಅಂಡಮಾನಿನ ಪೋರ್ಟ್‌ಬ್ಲೇರ್ ಬಂದರಿನಿಂದ (2024ರಿಂದ ಈ ಊರಿನ ಹೆಸರು ಶ್ರೀವಿಜಯಪುರಂ) ಈಶಾನ್ಯ ದಿಕ್ಕಿಗೆ ಎರಡು, ಎರಡೂವರೆ ಗಂಟೆ ಹಡಗಿನಲ್ಲಿ ಸಾಗಿದರೆ ಸಿಗುವುದು ಹ್ಯಾವ್ಲಾಕ್ ದ್ವೀಪ. ಅದರ ಪಶ್ಚಿಮದ ಅಂಚಿನಲ್ಲಿ ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ ಹರಡಿರುವ ಮರಳಿನ ದಂಡೆಯೇ ರಾಧಾನಗರ. ದ್ವೀಪದ ಜನ ಕಡಲತೀರಗಳನ್ನು ಅಂಕಿಗಳಿಂದ ಗುರುತಿಸುವುದು ರೂಢಿ. ಅದರಂತೆ ಇದಕ್ಕೆ 'ಏಳನೇ ನಂಬರು' ಎಂಬ ಹೆಸರೂ ಇದೆ.

ಹವಳದ ದಿಬ್ಬಗಳೂ ಚಿಪ್ಪುಗಳೂ ಅಲೆಯ ಹೊಡೆತಕ್ಕೆ ಸಿಕ್ಕಿ ಪುಡಿಯಾಗಿ ಆದ ಮರಳು ಇಲ್ಲಿಯದು. ಅದಕ್ಕೇ ಅಷ್ಟು ಬಿಳುಪು, ಅಷ್ಟು ನಯ. ಮರಳು ಮುಗಿದಲ್ಲಿಂದಲೇ ಕಾಡು ಎದ್ದು ನಿಲ್ಲುತ್ತದೆ. ಸ್ಥಳೀಯರು ಮಹುವಾ ಎಂದು ಕರೆಯುವ ಎತ್ತರದ ಮರಗಳು ಸಾಲಾಗಿ ಕಡಲನ್ನೇ ನೋಡುತ್ತ ನಿಂತಿವೆ. ನಮ್ಮ ಇಪ್ಪೆ, ಸಪೋಟಗಳ ಕುಟುಂಬಕ್ಕೇ ಸೇರಿದ ಮರ ಅದು. ಅಂಡಮಾನ್ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ ಆದ್ದರಿಂದ ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೇ ಇಲ್ಲಿ ಸೂರ್ಯ ಮುಳುಗುತ್ತಾನೆ. 2004ರಲ್ಲಿ 'ಟೈಮ್' ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಹೆಸರಿಸಿತು. 2020ರಲ್ಲಿ ಭಾರತದ ಎಂಟು ಕಡಲತೀರಗಳಿಗೆ 'ನೀಲಿ ಧ್ವಜ'ದ ಮನ್ನಣೆ ಸಿಕ್ಕಾಗ ನಮ್ಮ ಪಡುಬಿದ್ರಿ ಹಾಗೂ ಕಾಸರಕೋಡುಗಳ ಜೊತೆ ರಾಧಾನಗರವೂ ಆ ಪಟ್ಟಿಯಲ್ಲಿತ್ತು.

ಬೆಳಗಿನ ಹೊತ್ತು ದಂಡೆಯ ತುದಿಯವರೆಗೆ ನಡೆದುಹೋದವರಿಗೆ ಅಲೆಯ ಸದ್ದಿನ ಹೊರತು ಬೇರೇನೂ ಕೇಳಿಸುವುದಿಲ್ಲ. ಮನುಷ್ಯರ ಕಾಲೇ ಸೋಕದ ನೆಲವಿದು ಎಂಬ ಭಾವನೆ ಬರುವುದು ಸಹಜ. ಪ್ರವಾಸಿಗಳನ್ನು ಕರೆಯುವ ಜಾಹೀರಾತುಗಳೂ ಇದನ್ನೇ ಹೇಳುತ್ತವೆ. ಆದರೆ ಇತಿಹಾಸ ಹೇಳುವ ಮಾತೇ ಬೇರೆ. ಈ ಮೌನ ಪ್ರಕೃತಿ ಕೊಟ್ಟದ್ದಲ್ಲ. ಇಲ್ಲಿ ಜನರಿದ್ದರು, ಅವರು ಇಲ್ಲವಾದ ಮೇಲೆ ಉಳಿದ ಮೌನ ಇದು.

ಹ್ಯಾವ್ಲಾಕ್ ಸೇರಿದಂತೆ ಈ ಭಾಗದ ದ್ವೀಪಗಳ ಗುಂಪಿಗೆ ರಿಚೀ ದ್ವೀಪಸಮೂಹ ಎಂದು ಹೆಸರು. ಹದಿನೆಂಟನೆಯ ಶತಮಾನದಲ್ಲಿ ಈ ಕಡಲಿನ ಮೋಜಣಿ ಮಾಡಿದ ಜಾನ್ ರಿಚೀ ಎಂಬಾತನ ನೆನಪಿನ ಹೆಸರದು. ರಿಚೀ ಬರುವುದಕ್ಕೆ ಬಹಳ ಮೊದಲಿನಿಂದ ಇಲ್ಲಿ ಅಕಾ-ಬಾಲೆ ಎಂಬ ಜನ ಬಾಳುತ್ತಿದ್ದರು. ಗ್ರೇಟ್ ಅಂಡಮಾನಿಗಳೆಂದು ಒಟ್ಟಾಗಿ ಕರೆಯಲಾಗುವ ಹತ್ತು ಪಂಗಡಗಳಲ್ಲಿ ಅದೂ ಒಂದು. ಜಾರವಾ, ಒಂಗೇ, ಸೆಂಟಿನೆಲಿಗಳು ಇವರಿಂದ ಬೇರೆಯಾದ ಜನ. ಮರದ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಸಾಗುತ್ತ ಮೀನು, ಆಮೆ, ಚಿಪ್ಪುಜೀವಿಗಳನ್ನು ಹಿಡಿದು ಬದುಕಿದವರು ಅಕಾ-ಬಾಲೆಗಳು. ಇಂಥ ಜನ ತಿಂದು ಎಸೆದ ಚಿಪ್ಪುಗಳು ತಲೆಮಾರುಗಳ ಕಾಲ ಒಂದೇ ಕಡೆ ಬಿದ್ದು ಬೆಳೆದ ದಿಬ್ಬಗಳು ಅಂಡಮಾನಿನ ಹಲವೆಡೆ ಇವೆ. ದಕ್ಷಿಣ ಅಂಡಮಾನಿನ ಚೌಲ್ದಾರಿಯಲ್ಲಿ ಪುರಾತತ್ವಜ್ಞರು ಅಗೆದು ನೋಡಿದ ದಿಬ್ಬ ಎರಡು ಸಾವಿರ ವರ್ಷಕ್ಕೂ ಹಳೆಯದು. ಎಂದರೆ ನಮ್ಮ ಶಾತವಾಹನರ ಕಾಲದಲ್ಲಿ ಆ ತೀರಗಳಲ್ಲಿ ಒಲೆ ಉರಿಯುತ್ತಿತ್ತು.

ಆ ಒಲೆ ಆರಿದ್ದು ಹೇಗೆ ಎಂಬುದಕ್ಕೆ 1857ರ ದಂಗೆಯಿಂದಲೇ ಆರಂಭಿಸಬೇಕು. ದಂಗೆಯನ್ನು ಅಡಗಿಸಿದ ಬ್ರಿಟಿಷರಿಗೆ ಬಂಡಾಯಗಾರರನ್ನು ದೂರ ಒಯ್ದು ಇಡುವ ಜಾಗ ಬೇಕಾಗಿತ್ತು. 1858ರ ಮಾರ್ಚ್ 10ರಂದು ಡಾ. ಜೇಮ್ಸ್ ಪ್ಯಾಟಿಸನ್ ವಾಕರ್ ಎಂಬ ಅಧಿಕಾರಿ 200 ಕೈದಿಗಳೊಡನೆ ಪೋರ್ಟ್‌ಬ್ಲೇರಿನಲ್ಲಿ ಬಂದಿಳಿದ. 'ಕರಿನೀರಿನ ಶಿಕ್ಷೆ' ಹೀಗೆ ಶುರುವಾಯಿತು. ಕೈದಿಗಳ ಕೈಯಿಂದಲೇ ಕಾಡು ಕಡಿಸಿ ವಸಾಹತು ಬೆಳೆಸತೊಡಗಿದಾಗ, ಆ ಕಾಡನ್ನೇ ಮನೆಯಾಗಿಸಿಕೊಂಡಿದ್ದ ಮೂಲನಿವಾಸಿಗಳು ಬಿಲ್ಲುಬಾಣ ಹಿಡಿದು ಎದುರಿಸಿದರು. ಬಂದೂಕಿನ ಮುಂದೆ ಅದು ನಿಲ್ಲಲಿಲ್ಲ. ಆದರೆ ಅವರನ್ನು ನಿಜವಾಗಿ ಮುಗಿಸಿದ್ದು ಬಂದೂಕಲ್ಲ, ರೋಗ. 'ಅಂಡಮಾನ್ ಹೋಮ್' ಎಂಬ ಆಶ್ರಯಗಳಿಗೆ ಅವರನ್ನು ತಂದಿರಿಸಿ, ನಾಗರಿಕತೆ ಕಲಿಸುವ ಏರ್ಪಾಡಾಯಿತು. ಹೊರಗಿನವರ ರೋಗಗಳನ್ನು ತಡೆಯುವ ಶಕ್ತಿ ಅವರ ಮೈಗೆ ಇರಲಿಲ್ಲ. ಉಪದಂಶ ಹರಡಿತು, 1877ರಲ್ಲಿ ದಡಾರ ಬಂತು. ಆಶ್ರಯಗಳಿಂದ ಹಿಂದಿರುಗಿದವರ ಜೊತೆಯಲ್ಲೇ ಈ ಕಾಯಿಲೆಗಳೂ ದೂರದ ಗುಂಪುಗಳನ್ನು ಮುಟ್ಟಿದವು. ಕೆಲವು ಸಾವಿರ ಜನರಿದ್ದ ಗ್ರೇಟ್ ಅಂಡಮಾನಿಗಳು 1901ರ ಜನಗಣತಿಯ ಹೊತ್ತಿಗೆ 625 ಮಂದಿ; 1931ರಲ್ಲಿ 90; 1961ರಲ್ಲಿ ಬರೀ 19. ಅಕಾ-ಬಾಲೆ ಭಾಷೆ ಆಡುವವರು ಯಾರೂ ಉಳಿಯಲಿಲ್ಲ. ಹತ್ತು ಪಂಗಡಗಳಲ್ಲಿ ಅಳಿದುಳಿದವರ ಸಂತತಿ, ಐವತ್ತರ ಆಸುಪಾಸಿನ ಜನ, 1970ರ ಸುಮಾರಿನಿಂದ ಸ್ಟ್ರೈಟ್ ಎಂಬ ಪುಟ್ಟ ದ್ವೀಪದಲ್ಲಿ ನೆಲೆಯಾಗಿದ್ದಾರೆ.

ಜನ ಕರಗುತ್ತಿದ್ದ ದ್ವೀಪಗಳಿಗೆ ಬ್ರಿಟಿಷ್ ನಕಾಶೆಗಳು ಹೊಸ ಹೆಸರು ಕೊಟ್ಟವು. ಆ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಬೇಕು: ಹ್ಯಾವ್ಲಾಕ್, ನೀಲ್, ಔಟ್ರಾಂ, ಹೆನ್ರಿ ಲಾರೆನ್ಸ್, ಜಾನ್ ಲಾರೆನ್ಸ್, ನಿಕಲ್ಸನ್, ವಿಲ್ಸನ್. ಎಲ್ಲರೂ 1857ರಲ್ಲಿ ಬ್ರಿಟಿಷರ ಪಕ್ಷದಲ್ಲಿದ್ದ ಸೇನಾನಿಗಳು, ಆಡಳಿತಗಾರರು. ಕಾನ್ಪುರವನ್ನು ಮರಳಿ ಹಿಡಿದು ಲಖನೌಗೆ ನುಗ್ಗಿದವನು ಹ್ಯಾವ್ಲಾಕ್. ಅಲಹಾಬಾದು, ಕಾನ್ಪುರಗಳಲ್ಲಿ ಕ್ರೂರ ಶಿಕ್ಷೆಗಳಿಗೆ ಹೆಸರಾದವನು ನೀಲ್. ದಂಗೆ ಎದ್ದವರನ್ನು ಸಂಕೋಲೆ ತೊಡಿಸಿ ಯಾವ ಕಡಲಿಗೆ ತಂದರೋ ಆ ಕಡಲಿನ ದ್ವೀಪಗಳಿಗೆಲ್ಲ ದಂಗೆ ತುಳಿದವರ ಹೆಸರು! ಇದೇ ನೀಲ್‌ನ ಪ್ರತಿಮೆ ಮದರಾಸಿನ ಮೌಂಟ್ ರಸ್ತೆಯಲ್ಲಿತ್ತು. ಅದನ್ನು ಕಿತ್ತುಹಾಕಬೇಕೆಂದು 1927ರಲ್ಲಿ ಸತ್ಯಾಗ್ರಹವೇ ನಡೆಯಿತು. ಹತ್ತು ವರ್ಷಗಳ ಮೇಲೆ, ರಾಜಾಜಿ ಸರಕಾರದ ಕಾಲದಲ್ಲಿ, ಅದು ರಸ್ತೆಯಿಂದ ತೆರವಾಯಿತು. ನಕಾಶೆಯಲ್ಲಿದ್ದ ಹೆಸರನ್ನು ಮಾತ್ರ ಯಾರೂ ಮುಟ್ಟಲಿಲ್ಲ. ದಾರಿಯಲ್ಲಿ ನಿಂತ ಕಲ್ಲು ಕಣ್ಣಿಗೆ ಬೀಳುತ್ತದೆ. ಜನರಿಲ್ಲದ ದ್ವೀಪದ ಹೆಸರು ಯಾರ ಕಣ್ಣಿಗೂ ಬೀಳುವುದಿಲ್ಲ.

ಜನರಿಲ್ಲದ ಜಾಗ ಎಂಬುದೇ ಮುಂದೆ ಇನ್ನೊಂದು ದುರಂತಕ್ಕೆ ಕಾರಣವಾಯಿತು. 1942ರಿಂದ 1945ರವರೆಗೆ ಅಂಡಮಾನ್ ಜಪಾನಿ ಸೈನ್ಯದ ವಶದಲ್ಲಿತ್ತು. ಯುದ್ಧದ ಕೊನೆಗೆ ಆಹಾರ ಸಾಲದಾಯಿತು. ಆಗ ಸೈನ್ಯಕ್ಕೆ ಹೊಳೆದ ಉಪಾಯ, ಉಣ್ಣುವ ಬಾಯಿಗಳನ್ನೇ ಕಡಿಮೆ ಮಾಡುವುದು. 1945ರ ಆಗಸ್ಟಿನಲ್ಲಿ ಪೋರ್ಟ್‌ಬ್ಲೇರಿನ ನೂರಾರು ಭಾರತೀಯರನ್ನು ದೋಣಿಗಳಲ್ಲಿ ತುಂಬಿ ಹ್ಯಾವ್ಲಾಕಿನ ಬಳಿ ತಂದು, ದಡ ಇನ್ನೂ ದೂರವಿರುವಾಗಲೇ ನೀರಿಗೆ ದೂಡಲಾಯಿತು. ಎಷ್ಟೋ ಮಂದಿ ಮುಳುಗಿದರು. ಈಜಿ ದಡ ಸೇರಿದವರಿಗೆ ಸಿಕ್ಕಿದ್ದು ಮರಳು, ಕಾಡು ಮತ್ತು ಹಸಿವು. ಜಪಾನ್ ಶರಣಾದ ನಂತರ ಬ್ರಿಟಿಷರು ದ್ವೀಪಕ್ಕೆ ಬಂದಾಗ ಜೀವದಿಂದಿದ್ದವರು ಬೆರಳೆಣಿಕೆಯಷ್ಟು. ಅಕಾ-ಬಾಲೆಗಳು ಬಾಳಿದ್ದ ಕಡಲಲ್ಲೇ ಇವರು ಹಸಿದು ಸತ್ತರು. ಇಲ್ಲಿ ಏನು ತಿಂದು ಬದುಕಬಹುದೆಂಬುದನ್ನು ಬಲ್ಲವರು ಆಗಲೇ ಇಲ್ಲವಾಗಿದ್ದರು.

ಇಂದಿನ ರಾಧಾನಗರ ಶುರುವಾಗುವುದು ಇದಾದ ಸುಮಾರು ಹತ್ತು ವರ್ಷಗಳ ಮೇಲೆ. ದೇಶ ವಿಭಜನೆಯಾಗಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಅಂಡಮಾನಿನಲ್ಲಿ ನೆಲೆ ಕೊಡುವ ಕೆಲಸ 1949ರಲ್ಲಿ ಆರಂಭವಾಯಿತು. 1950ರ ದಶಕದ ಮಧ್ಯದಲ್ಲಿ ಹ್ಯಾವ್ಲಾಕಿನ ಸರದಿ ಬಂತು. ಗದ್ದೆಗೆಂದು ಸಮತಟ್ಟಾದ ನೆಲ, ತೋಟಕ್ಕೆಂದು ಗುಡ್ಡದ ನೆಲ ಹಂಚಲಾಯಿತು. ಹೊಳೆಯ ನಾಡಿನ ಒಕ್ಕಲುಗಳು ಕಡಲ ನಡುವೆ ಬಂದು, ಕಾಡು ಸವರಿ ಭತ್ತ ನೆಟ್ಟರು. ಹಳ್ಳಿಗಳಿಗೆ ಬಂದ ಹೆಸರುಗಳು ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ. ನೆರೆಯ ನೀಲ್ ದ್ವೀಪದಲ್ಲಿ ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಒಂದು ದ್ವೀಪದಲ್ಲಿ ಭಾಗವತ, ಇನ್ನೊಂದರಲ್ಲಿ ರಾಮಾಯಣ. ಮನೆಮಠ ಬಿಟ್ಟು ಬಂದವರಿಗೆ ಹೊತ್ತು ತರಲು ಸಾಧ್ಯವಾದ ಆಸ್ತಿ ಇಂಥ ಹೆಸರುಗಳೇ ಅಲ್ಲವೆ? ಸೇನಾನಿಗಳ ಹೆಸರು ದ್ವೀಪಕ್ಕೆ ಮೇಲಿನಿಂದ ಅಂಟಿದ ಚೀಟಿ; ಹಳ್ಳಿಗಳ ಹೆಸರು ಮಾತ್ರ ಉತ್ತುಬಿತ್ತು ಬಾಳಿದವರ ಬಾಯಲ್ಲಿ ಬೇರುಬಿಟ್ಟದ್ದು. 2011ರ ಜನಗಣತಿಯಲ್ಲಿ ದ್ವೀಪದ ಜನಸಂಖ್ಯೆ ಆರು ಸಾವಿರ ದಾಟಿತ್ತು.

ಕಾಡಿನ ಮರಕ್ಕೂ ಇಲ್ಲಿ ಬೇಡಿಕೆಯಿತ್ತು. ದಿಮ್ಮಿ ಎಳೆಯಲು ಮುಖ್ಯಭೂಮಿಯಿಂದ ಆನೆಗಳನ್ನು ಅಂಡಮಾನಿಗೆ ತರಲಾಗಿತ್ತು. ಅವುಗಳಲ್ಲೊಂದಾದ ರಾಜನ್, ಹ್ಯಾವ್ಲಾಕಿನ ಕಡಲಲ್ಲಿ ಈಜುತ್ತ ಜಗತ್ತಿನಾದ್ಯಂತ ಹೆಸರಾಗಿ 2016ರಲ್ಲಿ ತೀರಿಕೊಂಡಿತು. 2002ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ದ್ವೀಪಗಳಲ್ಲಿ ಮರ ಕಡಿಯುವುದಕ್ಕೆ ಬಿಗಿಯಾದ ಕಡಿವಾಣ ಹಾಕಿತು. ಇಷ್ಟರ ಮೇಲೆ ರಾಧಾನಗರದ ಮಹುವಾ ಸಾಲು ಉಳಿದಿದೆ ಎಂದರೆ ಅದು ತಾನಾಗಿ ಉಳಿದದ್ದಲ್ಲ, ಉಳಿಸಿಕೊಂಡದ್ದು. 'ಟೈಮ್' ಪತ್ರಿಕೆಯ ಹೊಗಳಿಕೆಯ ನಂತರ ಬಂದ ಪ್ರವಾಸಿಗಳಿಗೆ ಕಂಡದ್ದು ಈ ಕಾಡು ಮತ್ತು ಮರಳು. ಹಿಂದಿನದೊಂದೂ ಕಾಣಲಿಲ್ಲ.

2018ರ ಡಿಸೆಂಬರ್ 30ರಂದು ಹ್ಯಾವ್ಲಾಕಿಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂಬ ಹೆಸರು ಬಂತು. ಅದಕ್ಕೆ ಸರಿಯಾಗಿ 75 ವರ್ಷ ಹಿಂದೆ, 1943ರಲ್ಲಿ, ಸುಭಾಷ್‌ಚಂದ್ರ ಬೋಸರು ಪೋರ್ಟ್‌ಬ್ಲೇರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದ್ದರು. ಅಂಡಮಾನಿಗೆ ಶಹೀದ್, ನಿಕೋಬಾರಿಗೆ ಸ್ವರಾಜ್ ಎಂಬುದು ಅವರು ಸೂಚಿಸಿದ ಹೆಸರು. ದಂಗೆ ತುಳಿದವರ ಹೆಸರು ಹೋಗಿ ಸ್ವಾತಂತ್ರ್ಯದ ಹೆಸರು ಬಂದದ್ದು ನ್ಯಾಯವೇ. ಆದರೂ ಲೆಕ್ಕವೊಂದು ಬಾಕಿ ಇದೆ. ಗೆದ್ದವರ ಹೆಸರು, ನೆಲೆ ಕಳೆದುಕೊಂಡು ಬಂದವರ ಹೆಸರು, ಬಿಡುಗಡೆಯ ಹೆಸರು, ಕೊನೆಗೆ ಒಂದು ಅಂಕಿ—ಎಲ್ಲವೂ ಈ ನೆಲಕ್ಕೆ ಸಂದಿವೆ. ಎಲ್ಲರಿಗಿಂತ ಮೊದಲು ಇಲ್ಲಿ ದೋಣಿ ಎಳೆದು ಕಟ್ಟಿದವರು ಇದನ್ನು ಏನೆಂದು ಕರೆಯುತ್ತಿದ್ದರೋ ಆ ಹೆಸರು ನಕಾಶೆಗೆ ಹಿಂದಿರುಗಿಲ್ಲ.

ರಾಧಾನಗರಕ್ಕೆ ಹೋಗುವವರು ಅಲ್ಲಿಯ ನೆಮ್ಮದಿಯನ್ನು ಅನುಭವಿಸಬಾರದೆಂದು ಯಾರೂ ಹೇಳಲಾರರು. ಅಷ್ಟು ಚೆಲುವಾದ ಮರಳು ದೇಶದಲ್ಲಿ ಬಹಳ ಕಡೆ ಇಲ್ಲ. ಆದರೆ ಆ ದಂಡೆಯನ್ನು 'ಯಾರೂ ಇಲ್ಲದ ಜಾಗ' ಎಂದು ಕರೆಯುವ ಮುನ್ನ ಒಂದು ಕ್ಷಣ ತಡೆಯುವುದು ಒಳ್ಳೆಯದು. ಅದೇ ಮಾತನ್ನು ಹಿಂದೆಯೂ ಕೆಲವರು ಆಡಿದ್ದರು. ಅದರ ಬೆಲೆಯನ್ನು ತೆತ್ತವರು ಬೇರೆಯವರು.