ಹಾಯಿನೌಕೆಯ ಜೀರ್ಣೋದ್ಧಾರ

ಕಡಲನ್ನು ಕಾಣದ ಸೀಮೆ ನಮ್ಮದು. ಉತ್ತರಪಿನಾಕಿನಿ, ದಕ್ಷಿಣಪಿನಾಕಿನಿ, ಚಿತ್ರಾವತಿ, ಪಾಪಾಘ್ನಿ ಎಂಬ ನದಿಗಳು ನಂದಿಯ ಸುತ್ತುಮುತ್ತಲಿನ ಬೆಟ್ಟಗಳಲ್ಲಿ ಹುಟ್ಟುವುವಾದರೂ, ಇಲ್ಲಿ ಅವುಗಳ ಮೇಲೆ ದೋಣಿ ನಡೆಯುವಷ್ಟು ನೀರು ನಿಲ್ಲುವುದಿಲ್ಲ. ಶಿಡ್ಲಘಟ್ಟದವರು ಬಲ್ಲ ದೊಡ್ಡ ನೀರೆಂದರೆ ಗೌಡನ ಕೆರೆ, ಅಮ್ಮನ ಕೆರೆ, ರಾಮಸಮುದ್ರದ ಕೆರೆ. ಈ ಕೊನೆಯದರ ಹೆಸರಿನಲ್ಲಿ ಮಾತ್ರವೇ ನಮಗೆ ಸಮುದ್ರದ ನಂಟು. ಹೀಗಿರುವಲ್ಲಿ ಹಳೆಯ ಹಾಯಿನೌಕೆಯನ್ನು ದುರಸ್ತಿ ಮಾಡುವ ವಿಷಯವು ಈ ಪತ್ರಿಕೆಯಲ್ಲಿ ಏತಕ್ಕೆ ಎಂದು ವಾಚಕರು ಕೇಳಬಹುದು.

೨೦೨೦ರಲ್ಲಿ ಕೋವಿಡ್ ಎಂಬ ಮಹಾಮಾರಿಯು ಲೋಕವನ್ನೆಲ್ಲ ವ್ಯಾಪಿಸಿ, ಮಾರ್ಚಿ ೨೫ರಿಂದ ನಮ್ಮ ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂದು, ಮನೆಮನೆಯ ಬಾಗಿಲೂ ಮುಚ್ಚಿದ್ದನ್ನು ಯಾರೂ ಮರೆತಿರಲಾರರು. ಆ ದಿನಗಳಲ್ಲಿ ದೇಶದೇಶಗಳ ಜನರು ಮೂಲೆಗೆ ಬಿದ್ದಿದ್ದ ಹಳೆಯ ವಸ್ತುಗಳನ್ನು ಹೊರತೆಗೆದು ಸರಿಮಾಡತೊಡಗಿದರು. ಕಡಲ ತೀರದವರಲ್ಲಿ ಕೆಲವರು ಮನೆಯ ಹಿತ್ತಿಲಲ್ಲಿ ಹಳೆಯ ಹಾಯಿದೋಣಿಗಳನ್ನು ನಿಲ್ಲಿಸಿಕೊಂಡು ಹಲಗೆ ಹಲಗೆಯಾಗಿ ನೇರ್ಪಡಿಸಿದರು. ಇದನ್ನು ಬಿಡುವಿನ ಹೊತ್ತಿನ ಹೊಸ ಹವ್ಯಾಸವೆಂದು ಹಲವರು ಎಣಿಸಿದರು. ಆದರೆ ಚರಿತ್ರೆಯನ್ನು ನೋಡಿದರೆ ಬೇರೊಂದು ಸಂಗತಿ ತೋರುತ್ತದೆ. ನೌಕೆಗೂ ಬಂಧನಕ್ಕೂ ಇರುವ ಸಂಬಂಧ ಬಹು ಹಳೆಯದು. ಬಂಧನದ ಕಾಲದಲ್ಲಿ ಮನೆಯ ಮಗ್ಗುಲಲ್ಲಿಯೇ ನೌಕೆಯ ಜೀರ್ಣೋದ್ಧಾರ ಮಾಡುವುದು ಕನ್ನಡ ಕರಾವಳಿಯಲ್ಲಿ ವರ್ಷವರ್ಷವೂ ನಡೆದುಬಂದ ಧರ್ಮ. ಅದರಿಂದ ಕೆರೆಯ ಸೀಮೆಯವರಾದ ನಾವೂ ಕಲಿಯಬೇಕಾದುದು ಒಂದಿದೆ.

ಮೊದಲು ಬಂಧನದ ವಿಷಯವನ್ನು ನೋಡೋಣ. ರೋಗವು ಹರಡದಂತೆ ಜನರನ್ನು ಪ್ರತ್ಯೇಕವಾಗಿಡುವ ಪದ್ಧತಿಗೆ ಕ್ವಾರಂಟೈನ್ ಎಂಬ ಹೆಸರು ಬಂದುದು ರೇವುಪಟ್ಟಣಗಳಿಂದ. ಕ್ರಿ. ಶ. ೧೩೭೭ರಲ್ಲಿ ಆಡ್ರಿಯಾಟಿಕ್ ಸಮುದ್ರತೀರದ ರಗೂಸಾ ಪಟ್ಟಣದವರು, ಪ್ಲೇಗಿನ ಸೀಮೆಯಿಂದ ಬಂದವರು ಮೂವತ್ತು ದಿನ ಹೊರಗೆ ನಿಂತಲ್ಲದೆ ಊರೊಳಕ್ಕೆ ಬರಕೂಡದೆಂದು ವಿಧಿಸಿದರು. ಮುಂದೆ ವೆನಿಸ್ ಮೊದಲಾದ ಕಡೆಗಳಲ್ಲಿ ಆ ಅವಧಿಯು ನಲವತ್ತು ದಿನವಾಯಿತು. ಅಲ್ಲಿಯ ಭಾಷೆಯಲ್ಲಿ ನಲವತ್ತಕ್ಕಿರುವ ಶಬ್ದವೇ ಈ ಹೆಸರಿಗೆ ಮೂಲ. ೧೮೯೬ರಲ್ಲಿ ನಮ್ಮ ದೇಶವನ್ನು ಕಾಡಿದ ಪ್ಲೇಗು ಮೊದಲು ತಲೆದೋರಿದ್ದೂ ಮುಂಬಯಿಯ ರೇವಿನಲ್ಲಿಯೇ. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿತು. ೧೮೯೮ರಲ್ಲಿ ವ್ಯಾಧಿಯು ಬೆಂಗಳೂರನ್ನು ಮುಟ್ಟಿತು. ೨೦೨೦ರ ಮಾರ್ಚಿಯಲ್ಲಿ ನಮ್ಮ ಗೌರಿಬಿದನೂರಿನಲ್ಲಿ ಹೊಸ ವ್ಯಾಧಿ ಕಾಣಿಸಿಕೊಂಡಾಗ ಸರ್ಕಾರದವರು ಕೈಗೆತ್ತಿಕೊಂಡುದೂ ಆ ೧೮೯೭ರ ಕಾಯಿದೆಯನ್ನೇ. ರಗೂಸೆಯ ಹಳೆಯ ವಿಧಿಯು ನಿಷ್ಫಲವೆಂದು ಹೇಳುವಂತಿಲ್ಲ. ಲಕ್ಷದ್ವೀಪಕ್ಕೆ ಹೋಗತಕ್ಕವರನ್ನು ಹಡಗು ಹತ್ತುವ ಮೊದಲೇ ಕೊಚ್ಚಿಯಲ್ಲಿ ಪ್ರತ್ಯೇಕವಾಗಿರಿಸಿದುದರಿಂದ, ೨೦೨೧ರ ಜನವರಿಯ ವರೆಗೆ ಆ ದ್ವೀಪಗಳಲ್ಲಿ ಒಬ್ಬರಿಗೂ ಕೋವಿಡ್ ಕಾಣಲಿಲ್ಲ.

ಇನ್ನು ನೌಕೆಯ ವಿಷಯ. ಕನ್ನಡಿಗರು ಕಡಲಿಗೆ ಅಂಜಿದವರಲ್ಲ. ಕ್ರಿ. ಶ. ೬೩೪ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿಯು, ಇಮ್ಮಡಿ ಪುಲಿಕೇಶಿಯು ಮದಗಜಗಳಂತೆ ತೋರುವ ನೂರಾರು ನೌಕೆಗಳಿಂದ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದು ವರ್ಣಿಸಿದ್ದಾನೆ. ಕ್ರಿ. ಶ. ೧೩೪೨ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತನು, ಅಲ್ಲಿಯ ಒಡೆಯನ ನೌಕಾಬಲವನ್ನು ಕಂಡು, ಗೋವೆಯ ಮೇಲೆ ಅವನು ನಡಸಿದ ದಂಡಯಾತ್ರೆಯಲ್ಲಿ ತಾನೂ ಹಡಗೇರಿ ಹೋದನು. ಈ ಕಡಲಿನ ಹಡಗುಗಳ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜಡಿಯದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆಂದೂ, ಮೊಳೆಯ ಹಡಗು ಬಂಡೆಗೆ ತಗಲಿದರೆ ಒಡೆಯುವುದು, ಹೊಲಿದ ಹಡಗಾದರೋ ಬಾಗಿ ಉಳಿಯುವುದೆಂದೂ ಅವನು ಕಾರಣಸಹಿತವಾಗಿ ಬರೆದಿಟ್ಟಿದ್ದಾನೆ. ಕ್ರಿ. ಶ. ೧೫೨೦ರ ಸುಮಾರಿಗೆ ವಿಜಯನಗರವನ್ನು ನೋಡಿದ ಪೋರ್ಚುಗೀಸ ಪೇಸನು, ಆನೆಗೊಂದಿಯ ಬಳಿ ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ಹರಿಗೋಲುಗಳಲ್ಲಿ ಜನರು ಗಿರಗಿರನೆ ಸುತ್ತುತ್ತ ಹೊಳೆಯನ್ನು ದಾಟುತ್ತಿದ್ದುದನ್ನು ಕಂಡನು.

ನಮ್ಮ ಸೀಮೆಯವರೂ ಈ ಚರಿತ್ರೆಯಿಂದ ದೂರ ನಿಂತವರಲ್ಲ. ಕೋಲಾರ ಪ್ರಾಂತ್ಯದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು ೧೭೬೩ರಲ್ಲಿ ಬಿದನೂರನ್ನು ಗೆದ್ದು ಕರಾವಳಿಯನ್ನು ವಶಮಾಡಿಕೊಂಡೊಡನೆ ನೌಕಾಬಲವನ್ನು ಕಟ್ಟಲೆಳಸಿದನು. ೧೭೬೮ರಲ್ಲೊಮ್ಮೆ, ೧೭೮೦ರಲ್ಲೊಮ್ಮೆ ಇಂಗ್ಲಿಷರು ಅದನ್ನು ಹಾಳುಗೆಡವಿದರು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವು ೧೭೯೬ರಲ್ಲಿ ಸುಮಾರು ೪೦ ಯುದ್ಧನೌಕೆಗಳನ್ನು ಕಟ್ಟಬೇಕೆಂದು ಆಜ್ಞೆಮಾಡಿದನು. ಮೂರು ವರ್ಷಗಳಲ್ಲಿ ಶ್ರೀರಂಗಪಟ್ಟಣವೇ ಬಿದ್ದುದರಿಂದ ಆ ಸಂಕಲ್ಪವು ಅಲ್ಲಿಗೇ ನಿಂತಿತು. ಅರಸರ ಹಡಗುಗಳು ಹೀಗೆ ಬಂದು ಹೀಗೆ ಹೋದುವು. ಅವುಗಳ ಪಕ್ಕದಲ್ಲಿಯೇ ಅಕ್ಕಿ, ಮೆಣಸು, ತೆಂಗು, ಹಂಚುಗಳನ್ನು ಹೊತ್ತು ಓಡಾಡುತ್ತಿದ್ದ ವರ್ತಕರ ಪತ್ತೆಮಾರಿ, ಮಚುವೆ, ಮಂಜಿಗಳೂ ಮೀನುಗಾರರ ದೋಣಿಗಳೂ ತಲೆತಲಾಂತರವಾಗಿ ಉಳಿದುವು. ಮರವು ಎರಡಕ್ಕೂ ಒಂದೇ, ಕಡಲೂ ಒಂದೇ. ಅರಸರ ಹಡಗನ್ನು ಕಟ್ಟುವುದಕ್ಕೆ ಆಜ್ಞೆಯಿದ್ದಿತು. ವರ್ತಕರ, ಮೀನುಗಾರರ ನೌಕೆಗಳನ್ನು ವರ್ಷಕ್ಕೊಮ್ಮೆ ನೇರ್ಪಡಿಸುವುದಕ್ಕೆ ಒಂದು ಕಟ್ಟುಕಟ್ಟಳೆಯೇ ಇದ್ದಿತು. ಉಳಿವಿಗೆ ಅದೂ ಒಂದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಆ ಕಟ್ಟಳೆಯ ಬಗೆ ಹೀಗೆ. ಜೂನ್ ತಿಂಗಳ ಮೊದಲಲ್ಲಿ ನೈಋತ್ಯದ ಗಾಳಿಯೆದ್ದು ಅಳಿವೆಗಳ ಬಾಯಲ್ಲಿ ತೆರೆಯೊಡೆಯತೊಡಗಿದರೆ ಹಾಯಿಯ ಸಂಚಾರ ನಿಂತುಹೋಗುತ್ತಿದ್ದಿತು. ದೊಡ್ಡ ಪತ್ತೆಮಾರಿಗಳು ಎಪ್ಪತ್ತು ಅಡಿಗೂ ಮಿಕ್ಕ ಉದ್ದವಾಗಿ ಸುಮಾರು ೨೦೦ ಟನ್ ಭಾರವನ್ನು ಹೊರತಕ್ಕವು. ಇಂಥವು ಹೊಳೆಗಳ ಒಳನೀರನ್ನು ಸೇರುತ್ತಿದ್ದುವು. ಸಣ್ಣ ದೋಣಿಗಳನ್ನು ಮರದ ತುಂಡುಗಳ ಮೇಲೆ ಉರುಳಿಸಿ ದಡಕ್ಕೆಳೆದು, ಮನೆಯ ಬಳಿಯ ತೆಂಗಿನ ತೋಪಿನಲ್ಲಿ ನಿಲ್ಲಿಸಿ, ಹೆಣೆದ ಮಡಲಿನ ಚಪ್ಪರವನ್ನು ಹಾಕುತ್ತಿದ್ದರು. ಶ್ರಾವಣದ ನೂಲಹುಣ್ಣಿಮೆಯಲ್ಲಿ ಸಮುದ್ರಪೂಜೆಯನ್ನು ಮಾಡಿ, ತೆಂಗಿನಕಾಯನ್ನು ಅರ್ಪಿಸಿದ ಮೇಲೆಯೇ ಮತ್ತೆ ನೀರಿಗಿಳಿಯುವುದು. ನಡುವಣ ಎರಡು ಮೂರು ತಿಂಗಳು ಕಡಲು ವಿಧಿಸಿದ ಬಂಧನ. ಖಾರ್ವಿ, ಮೊಗವೀರ, ಹರಿಕಾಂತ ಮೊದಲಾದ ಕಡಲ ಮಕ್ಕಳಿಗೆ ಮನೆಯಲ್ಲಿ ಕುಳಿತಿರಬೇಕಾದ ಕಾಲವೆಂಬುದು ಅಪೂರ್ವವಾದ ವಿಪತ್ತಾಗಿರಲಿಲ್ಲ. ಅದು ಪಂಚಾಂಗದಲ್ಲಿಯೇ ಸೇರಿದ್ದಿತು.

ಈ ಅವಧಿಯಲ್ಲಿ ನಡೆಯುವ ಕೆಲಸಕ್ಕೆ ಒಂದು ಕ್ರಮವುಂಟು. ಮೊದಲು ತಳಕ್ಕೆ ಅಂಟಿದ ಚಿಪ್ಪು ಪಾಚಿಗಳನ್ನು ಕೆರೆದು ತೊಳೆಯಬೇಕು. ಬಳಿಕ ಹಲಗೆ ಹಲಗೆಯನ್ನೂ ಕೊಡತಿಯಿಂದ ತಟ್ಟಿ ನೋಡಬೇಕು. ಗಟ್ಟಿಮರವು ಖಣಿಲೆನ್ನುವುದು, ಲಡ್ಡಾದುದು ಮಂಕಾಗಿ ಸದ್ದುಮಾಡುವುದು. ಲಡ್ಡಾದ ಹಲಗೆಯನ್ನು ತೆಗೆದು ಅದೇ ಅಳತೆಯ ಹೊಸ ಹಲಗೆಯನ್ನು ಕೂರಿಸುವಾಗ ಒಂದು ಎಚ್ಚರ ಬೇಕು. ಎಲ್ಲವನ್ನೂ ಒಮ್ಮೆಗೇ ಕಿತ್ತರೆ ದೋಣಿಯು ತನ್ನ ಆಕಾರವನ್ನೇ ಮರೆತು ಸೊಟ್ಟಗಾಗುವುದು. ಒಂದೊಂದಾಗಿ ಬದಲಾಯಿಸಿದರೆ ಉಳಿದ ಹಲಗೆಗಳು ಹೊಸದಕ್ಕೆ ಬಾಗುವ ಬಗೆಯನ್ನು ಕಲಿಸುವುವು. ಆಮೇಲೆ ಸಂದುಗಳ ಕೆಲಸ: ಎಣ್ಣೆಯಲ್ಲಿ ನೆನೆದ ಹತ್ತಿಯ ನೂಲನ್ನು ಸಂದಿನೊಳಕ್ಕೆ ಮೊಂಡುಳಿಯಿಂದ ಬಡಿದು ತುಂಬಬೇಕು. ಹೊಲಿಗೆಯ ದೋಣಿಯಾದರೆ ಸವೆದ ಹುರಿಯನ್ನು ಬಿಚ್ಚಿ ಹೊಸ ನಾರಿನಿಂದ ಮತ್ತೆ ಹೊಲಿಯಬೇಕು. ಮರವನ್ನು ಕೊರೆಯುವ ಕಡಲಹುಳು ಹಡಗಿಗೆ ಪರಮವೈರಿ. ಅದನ್ನು ತಡೆಯಲು ನೀರಿನೊಳಗಿರುವ ಭಾಗಕ್ಕೆ ಸುಣ್ಣವನ್ನು ಎಣ್ಣೆಯಲ್ಲಿ ಕಲಸಿ ಬಳಿಯುವರು, ಮೇಲಿನ ಭಾಗಕ್ಕೆ ಮೀನೆಣ್ಣೆಯನ್ನು ಉಣಿಸುವರು. ಕಡೆಯಲ್ಲಿ ಹಾಯಿಯ ಹರಕನ್ನು ಹೊಲಿದು, ಹಗ್ಗಗಳನ್ನು ಪರೀಕ್ಷಿಸಿ, ಕೂವೆಮರವನ್ನು ನಿಲ್ಲಿಸುವುದು.

ಇಷ್ಟೆಲ್ಲ ಬದಲಾದ ಮೇಲೆ ಹಳೆಯ ನೌಕೆ ಉಳಿಯಿತೇ ಎಂದು ಪ್ರಶ್ನೆ ಹುಟ್ಟುತ್ತದೆ. ಗ್ರೀಕ್ ವೀರ ಥೀಸಿಯಸನ ನೌಕೆಯನ್ನು ಕುರಿತು ಆ ದೇಶದ ತತ್ತ್ವಜ್ಞರು ಇದನ್ನೇ ಚರ್ಚಿಸಿದರು. ನಮ್ಮ ಕರಾವಳಿಯ ಬಡಗಿಗೆ ಈ ಪ್ರಶ್ನೆ ಕಷ್ಟವಾಗಲಾರದು. ನಕ್ಷೆಯಿಲ್ಲದೆ ಕೆಲಸ ಮಾಡುವ ಅವನ ಕೈಯಲ್ಲಿ ಅಳತೆಯಿರುವ ವರೆಗೆ ನೌಕೆ ಅದೇ. ಆ ಕೈ ಹೋದರೆ, ಮರವೆಲ್ಲ ಹಳೆಯದೇ ಆಗಿದ್ದರೂ, ನೌಕೆ ಹೋದಂತೆಯೇ.

ಆ ಕೈಗಳಿಗೆ ಕೆಲಸವು ತಪ್ಪಿದುದು ಬಹು ಮೆಲ್ಲಗೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ ೧೮೬೧ರಿಂದ ೧೮೬೫ರ ವರೆಗೆ, ಧಾರವಾಡ ಸೀಮೆಯ ಹತ್ತಿಯು ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ರೇವಿನಿಂದ ಹಾಯಿಯ ಮೇಲೆ ಮುಂಬಯಿಗೆ ಸಾಗುತ್ತಿದ್ದಿತು. ಅದೇ ಶತಮಾನದ ಕೊನೆಯ ವೇಳೆಗೆ ರೈಲುದಾರಿಯು ಹುಬ್ಬಳ್ಳಿಯನ್ನು ಮರ್ಮಗೋವೆಗೆ ಕೂಡಿಸಿತು. ೧೯೦೭ರಲ್ಲಿ ಮಂಗಳೂರಿಗೂ ರೈಲು ಬಂದಿತು. ಉಗಿಹಡಗುಗಳು ದೊಡ್ಡ ಸರಕನ್ನು ಸೆಳೆದುಕೊಂಡುವು. ಸ್ವಾತಂತ್ರ್ಯಾನಂತರ ಮೀನುದೋಣಿಗಳಿಗೆ ಯಂತ್ರ ಬಂದಿತು, ಆಮೇಲೆ ಫೈಬರಿನ ದೋಣಿಗಳು ಬಂದುವು. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕನ್ನೊಯ್ಯುವ ಮಂಜಿಗಳಿಗೂ ಈಗ ಯಂತ್ರವೇ ಗತಿ. ಇದರಿಂದ ಬಡವರಿಗೆ ಅನುಕೂಲವಾಗಲಿಲ್ಲವೆಂದು ನಾನು ಹೇಳುವುದಿಲ್ಲ; ಗಾಳಿಯ ಕೃಪೆಗಾಗಿ ಕಾದು ಹಸಿದವರ ಕಷ್ಟವನ್ನು ದಡದಲ್ಲಿ ಕುಳಿತು ಹೊಗಳುವುದು ಸುಲಭ. ಆದರೆ ಹಾಯಿಯೊಡನೆ ಅದರ ವಿದ್ಯೆಯೂ ಹೋಗುತ್ತ ಬಂದಿತು.

೨೦೨೦ರ ಬಂಧನಕ್ಕೂ ಮಳೆಗಾಲದ ಬಂಧನಕ್ಕೂ ಇದ್ದ ಅಂತರವನ್ನು ಇಲ್ಲಿ ಗಮನಿಸಬೇಕು. ಹಳೆಯದು ಹೇಳಿ ಬರುತ್ತಿದ್ದಿತು. ಹೊಸದು ಮೀನಿನ ಸುಗ್ಗಿಯ ನಡುವೆ ಒಮ್ಮೆಗೇ ಬಂದಿತು. ಕೇಂದ್ರ ಸರ್ಕಾರದವರು ಏಪ್ರಿಲ್ ೧೦ರಂದು ಮೀನುಗಾರಿಕೆಗೆ ವಿನಾಯಿತಿ ಕೊಟ್ಟರು. ಜೂನ್ ೧ರಿಂದ ೬೧ ದಿನವಿರುತ್ತಿದ್ದ ಮಳೆಗಾಲದ ನಿಷೇಧವನ್ನು ಪಶ್ಚಿಮ ಕರಾವಳಿಯಲ್ಲಿ ಆ ವರ್ಷ ಜೂನ್ ೧೫ರಿಂದ ೪೭ ದಿನಕ್ಕೆ ಇಳಿಸಿದರು. ಹೊಟ್ಟೆಗಾಗಿ ಇದು ಬೇಕಾದುದೇ. ಆದರೂ ವಿಶ್ರಾಂತಿಯ ಕಾಲವೇ ಕಡಮೆಯಾಯಿತೆಂಬುದನ್ನು ಮರೆಯಲಾಗದು.

ಪಾಶ್ಚಾತ್ಯ ದೇಶಗಳಲ್ಲಿ ಈಚೆಗೆ ನಡೆದ ನೌಕೆಯ ಜೀರ್ಣೋದ್ಧಾರಗಳಲ್ಲಿ ಟ್ಯಾಲಿ ಹೋ ಎಂಬುದು ಪ್ರಸಿದ್ಧವಾದುದು. ೧೯೧೦ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದು, ೧೯೨೭ರ ಫಾಸ್ಟ್‌ನೆಟ್ ಪಂದ್ಯವನ್ನು ಗೆದ್ದ ಈ ಹಾಯಿನೌಕೆಯು ಮುರುಕಾಗಿ ಬಿದ್ದಿದ್ದಿತು. ಲಿಯೋ ಗೂಲ್ಡನ್ ಎಂಬ ತರುಣ ಬಡಗಿಯು ೨೦೧೭ರಲ್ಲಿ ಅದನ್ನು ಕೈಗೆ ತೆಗೆದುಕೊಂಡು, ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಒಂದು ಮನೆಯ ಬಯಲಿನಲ್ಲಿ ಕೆಲಸವನ್ನಾರಂಭಿಸಿ, ವ್ಯಾಧಿಯ ವರ್ಷಗಳನ್ನೂ ದಾಟಿ, ೨೦೨೪ರಲ್ಲಿ ಮತ್ತೆ ನೀರಿಗಿಳಿಸಿದನು. ನಮ್ಮಲ್ಲಿ ನೌಕೆಯೊಂದನ್ನಷ್ಟೇ ಅಲ್ಲ, ಮರೆತುಹೋಗುತ್ತಿದ್ದ ನೌಕೆಯ ಜಾತಿಯನ್ನೇ ಬದುಕಿಸುವ ಯತ್ನ ನಡೆದಿದೆ. ಅಜಂತೆಯ ಭಿತ್ತಿಚಿತ್ರದಲ್ಲಿ ಕಂಡ ಹಡಗಿನ ಆಕಾರವನ್ನು ಹಿಡಿದು, ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಕೌಂಡಿನ್ಯ ಎಂಬ ಹಾಯಿನೌಕೆಯನ್ನು ೨೦೨೫ರ ಮೇ ೨೧ರಂದು ನಮ್ಮ ಕಾರವಾರದಲ್ಲಿಯೇ ನೌಕಾದಳಕ್ಕೆ ಸೇರಿಸಿಕೊಂಡರು. ಅದು ಅದೇ ವರ್ಷದ ಡಿಸೆಂಬರ್ ೨೯ರಂದು ಪೋರಬಂದರಿನಿಂದ ಹೊರಟು ೨೦೨೬ರ ಜನವರಿಯಲ್ಲಿ ಮಸ್ಕತನ್ನು ಮುಟ್ಟಿತು. ಇಬ್ನ್ ಬತೂತನು ಕಂಡ ಹೊಲಿಗೆ ಹೀಗೆ ಮತ್ತೆ ಕಡಲನ್ನು ದಾಟಿತು. ಆ ಕಾಲದ ನಕ್ಷೆಗಳು ಯಾವುವೂ ಉಳಿದಿರಲಿಲ್ಲ. ಹೊಲಿಗೆಯನ್ನು ಬಲ್ಲ ಕೆಲವು ಕೈಗಳು ಕೇರಳದಲ್ಲಿ ಉಳಿದಿದ್ದುದರಿಂದಲೇ ಕೆಲಸ ಕೈಗೂಡಿತು. ಇನ್ನೊಂದು ತಲೆಮಾರು ಕಳೆದಿದ್ದರೆ ಏನಾಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಲಿ.

ಈಗ ನಮ್ಮ ಊರಿಗೆ ಬರೋಣ. ಶಿಡ್ಲಘಟ್ಟವು ರೇಷ್ಮೆಯ ಊರು. ಗೂಡು ಸಹ ನೌಕೆಯಂತೆ ಕಾದಿರಲಾರದ ವಸ್ತು: ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ನೂಲನ್ನು ಬಿಚ್ಚದೆ, ಒಳಗಿನ ಹುಳುವನ್ನು ಬಿಸಿಯಿಂದ ಅಡಗಿಸದೆ ಬಿಟ್ಟರೆ ಚಿಟ್ಟೆಯು ತೂತುಮಾಡಿ ಹೊರಬರುವುದು, ನೂಲು ಕೆಡುವುದು. ನೂಲು ಬಿಚ್ಚಾಣಿಕೆಯ ಚರಕದ ಅಳತೆಯೂ, ಕುದಿಯುವ ನೀರಿನಲ್ಲಿ ಎಳೆಯ ತುದಿಯನ್ನು ಹಿಡಿಯುವ ಬೆರಳಿನ ವಿದ್ಯೆಯೂ ಬರೆದಿಟ್ಟ ನಕ್ಷೆಗಿಂತ ಹೆಚ್ಚಾಗಿ ಮನೆಮನೆಯ ಕೈಗಳಲ್ಲಿವೆ. ಕೆರೆಗಳ ವಿಷಯವೂ ಅಷ್ಟೆ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಕೆರೆಯ ಹೂಳನ್ನು ಸಾಗಿಸುವುದಕ್ಕೆ ದೋಣಿಗಳನ್ನಿರಿಸಿ ಅವುಗಳ ವೆಚ್ಚಕ್ಕೆ ದತ್ತಿಬಿಟ್ಟ ಉದಾಹರಣೆಗಳಿವೆ. ನಮ್ಮ ಕೋಲಾರ ಸೀಮೆಯೂ ಒಂದು ಶತಮಾನಕ್ಕೆ ಮಿಕ್ಕು ಚೋಳರ ಆಳ್ವಿಕೆಯಲ್ಲಿದ್ದಿತು. ಕನ್ನಡ ಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತು ಮೇಲಿಂದ ಮೇಲೆ ಬರುವುದು. ಕಟ್ಟಿಸುವುದರೊಡನೆಯೇ ಒಡೆದುದನ್ನೂ ಬಿರಿದುದನ್ನೂ ಸರಿಮಾಡುವ ವ್ಯವಸ್ಥೆಯನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಕೊರೆಯಿಸಿಟ್ಟರು.

ಮುಂದೆ ಯಾವ ವ್ಯಾಧಿಯೂ ಬಾರದಿರಲೆಂದು ಪ್ರಾರ್ಥಿಸೋಣ. ಆದರೆ ದುರಸ್ತಿಗೆ ಮಹಾಮಾರಿಯೇ ಬಂದು ಬಾಗಿಲನ್ನು ಮುಚ್ಚಬೇಕೇ? ಕಡಲವರಂತೆ ನಾವೂ ವರ್ಷದಲ್ಲಿ ಒಂದು ಕಾಲವನ್ನು ಅದಕ್ಕೆಂದೇ ಮೀಸಲಿಡಬಹುದಷ್ಟೆ. ಮನೆಯಲ್ಲಿರುವ ಹಳೆಯ ಚರಕ, ತಕಲಿ, ಏತದ ಮರ, ಕೆರೆಯ ತೂಬಿನ ಕಲ್ಲು ಇವುಗಳ ಭಾಗಗಳಿಗೆ ಹಿರಿಯರು ಯಾವ ಹೆಸರನ್ನಿಟ್ಟಿದ್ದರು, ಅಳತೆ ಎಷ್ಟು, ಸರಿಪಡಿಸುವ ಕ್ರಮವೇನು ಎಂಬುದನ್ನು ಬಲ್ಲವರಿರುವಾಗಲೇ ಕೇಳಿ ಬರೆದಿಡಬೇಕು. ಜಿಲ್ಲೆಯ ಒಂದೊಂದು ಹೋಬಳಿಯಿಂದ ಒಬ್ಬೊಬ್ಬರು ಈ ಕೆಲಸಕ್ಕೆ ಕೈಹಾಕಿದರೆ, ಅಜಂತೆಯ ಚಿತ್ರದಿಂದ ಹಡಗನ್ನು ಊಹಿಸಬೇಕಾಗಿ ಬಂದಂಥ ಶ್ರಮವು ನಮ್ಮ ಮೊಮ್ಮಕ್ಕಳಿಗೆ ತಪ್ಪುವುದು.