ಕತ್ತಲೆಯಲ್ಲಿ ಹಸಿರಾಗುವ ಕಲ್ಲು

ನರಗುಂದ, ರೋಣದ ಎರೆಹೊಲಗಳನ್ನೂ ಗಜೇಂದ್ರಗಡದ ಗುಡ್ಡಗಳನ್ನೂ ಒಳಗೊಂಡ ಸೀಮೆಯ ಭೂರಚನೆಯನ್ನು ವಿವರವಾಗಿ ಬರೆದಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯನ್ನು ಕುರಿತ ಅವರ ಗ್ರಂಥ 1876ರಲ್ಲಿ ಪ್ರಕಟವಾಯಿತು. ಡಂಬಳ ಗುಡ್ಡಗಳ, ಅಂದರೆ ಇಂದಿನ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಬಗ್ಗೆ ಅವರು ಅದಕ್ಕೂ ಎರಡು ವರ್ಷ ಮೊದಲೇ ಬರೆದಿದ್ದರು. ಅಂದಿನ ಭೂವಿಜ್ಞಾನಿಗೆ ಸುತ್ತಿಗೆ, ಭೂತಗನ್ನಡಿ ಮತ್ತು ಹಗಲ ಬೆಳಕೇ ಆಧಾರ. ಆದರೆ ಹಗಲಿನಲ್ಲಿ ಗುಟ್ಟು ಬಿಟ್ಟುಕೊಡದ ಕಲ್ಲುಗಳೂ ಉಂಟು.

ಅವುಗಳಲ್ಲಿ ಒಂದು ಪೆಗ್ಮಟೈಟ್ ಶಿಲೆಯಲ್ಲಿ ಸಿಗುವ ಓಪಲ್. ಗ್ರಾನೈಟಿನ ಶಿಲಾರಸ ಆರುತ್ತ ಬಂದು, ಕೊನೆಗೆ ಉಳಿದ ನೀರು ತುಂಬಿದ ರಸ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದರೆ ಪೆಗ್ಮಟೈಟ್ ಆಗುತ್ತದೆ. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಇಲ್ಲಿ ದೊಡ್ಡ ದೊಡ್ಡ ಹರಳುಗಳಾಗಿ ಬೆಳೆಯುತ್ತವೆ. ಬೇರೆ ಖನಿಜಗಳಲ್ಲಿ ನೆಲೆ ಸಿಗದ ಲಿಥಿಯಂ, ಯುರೇನಿಯಂಗಳೂ ಇಲ್ಲಿಗೇ ಬಂದು ಸೇರುತ್ತವೆ. ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಸುತ್ತ ಲಿಥಿಯಂ ಪತ್ತೆಯಾದದ್ದು ಇಂಥ ಶಿಲೆಯಲ್ಲೇ.

ಮುಂದೆ ಎಂದೋ ಸಿಲಿಕಾ ಕರಗಿದ ನೀರು ಈ ಬಿರುಕುಗಳಲ್ಲಿ ಹರಿದು, ಗಾಜಿನಂಥ ತೆಳುಪೊರೆಯನ್ನು ಬಿಟ್ಟುಹೋಗುತ್ತದೆ. ಇದೇ ಹಯಲೈಟ್ ಎಂಬ ಓಪಲ್. ನೋಡಲು ಒಣಗಿದ ಗೋಂದಿನ ಹನಿಯಂತೆ, ಯಾರೂ ಬಗ್ಗಿ ಎತ್ತಿಕೊಳ್ಳುವಂಥದ್ದಲ್ಲ! ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದರೆ ಮಾತ್ರ ಕಣ್ಣು ಕುಕ್ಕುವ ಹಸಿರಾಗುತ್ತದೆ. ನೀರು ಜೊತೆಗೆ ಹೊತ್ತು ತಂದ ಯುರೇನಿಯಂ, ಯುರನೈಲ್ ರೂಪದಲ್ಲಿ ಲೇಶಮಾತ್ರ ಸೇರಿದ್ದರೂ ಸಾಕು. ಅಮೆರಿಕದ ಉತ್ತರ ಕೆರೊಲಿನಾದ ಸ್ಪ್ರೂಸ್ ಪೈನ್ ಪೆಗ್ಮಟೈಟುಗಳು ಇದಕ್ಕೆ ಹೆಸರಾಗಿವೆ. ಈ ಬಗೆಯ ಬೆಳಕಿಗೆ ಸ್ಟೋಕ್ಸ್ 'ಫ್ಲೋರೆಸೆನ್ಸ್' ಎಂದು ಹೆಸರಿಟ್ಟದ್ದು 1852ರಲ್ಲಿ. ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅತಿನೇರಳೆಯನ್ನಷ್ಟೇ ಬಿಡುವ ವುಡ್ ಅವರ ಶೋಧಕ ಬಂದದ್ದು 1903ರಲ್ಲಿ. ಫೂಟ್ ನಮ್ಮ ಸೀಮೆಯಲ್ಲಿ ಅಲೆದಾಡಿದ ಕಾಲಕ್ಕೆ ಅದಿನ್ನೂ ಇರಲಿಲ್ಲ.

'ಓಪಲ್' ಪದದ ಮೂಲ ಸಂಸ್ಕೃತದ 'ಉಪಲ', ಅಂದರೆ ಕಲ್ಲು, ಎನ್ನುತ್ತಾರೆ. ಈ ಕಲ್ಲಿನ ಮೋಹಕ್ಕೆ ಸಿಕ್ಕವರಲ್ಲಿ ಸರ್ ಸಿ.ವಿ. ರಾಮನ್ ಒಬ್ಬರು. ಬೆಂಗಳೂರಿನಲ್ಲಿ ಅವರು ಎ. ಜಯರಾಮನ್ ಜೊತೆ ಸೇರಿ 1953ರಲ್ಲಿ ಓಪಲಿನ ರಚನೆ ಮತ್ತು ಬಣ್ಣದಾಟದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬೆಲೆಬಾಳುವ ಓಪಲಿನ ಕಾಮನಬಿಲ್ಲಿಗೆ ಕಲ್ಲಿನೊಳಗಿನ ಕ್ರಮಬದ್ಧ ಪದರಗಳು ಕಾರಣ ಎಂಬುದು ಅವರ ವಾದ. 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಸಾಲಾಗಿ ಜೋಡಿಸಿದ ಸಿಲಿಕಾ ಗುಂಡುಗಳು. ವಿವರದಲ್ಲಿ ರಾಮನ್ ಎಡವಿದರೂ ಹಿಡಿದ ದಾರಿ ಸರಿಯಾಗಿತ್ತೆಂದೇ ಹೇಳಬೇಕು.

ಆ ಬಣ್ಣದಾಟಕ್ಕೂ ಹಯಲೈಟಿನ ಹಸಿರಿಗೂ ಸಂಬಂಧವಿಲ್ಲ. ಮೊದಲನೆಯದು ಬೆಳಕನ್ನು ಚದುರಿಸುವ ಜೋಡಣೆಯ ಕೆಲಸ, ಕಲ್ಲನ್ನು ತಿರುಗಿಸಿದಂತೆ ಬದಲಾಗುತ್ತದೆ. ಎರಡನೆಯದು ಯಾವ ಕಡೆಯಿಂದ ನೋಡಿದರೂ ಅದೇ ಹಸಿರು, ದೀಪ ಆರಿಸಿದೊಡನೆ ಮಾಯ. ರಾಮನ್ ತಮ್ಮ ಸಂಸ್ಥೆಯಲ್ಲಿ ಕೂಡಿಟ್ಟ ಕಲ್ಲುಗಳ ಸಂಗ್ರಹದಲ್ಲಿ, ಹೀಗೆ ಹೊಳೆಯುವ ಖನಿಜಗಳಿಗೆಂದೇ ಒಂದು ಕತ್ತಲೆ ಕೋಣೆಯಿದೆ.