ಸ್ಪ್ರೈಟ್ ಶೀಟ್: ಮೂರೇ ಚಿತ್ರಗಳಲ್ಲಿ ಒಂದು ಸ್ಫೋಟ

ಕಂಪ್ಯೂಟರ್ ಆಟಗಳಲ್ಲಿ ಕಾಣುವ ಬೆಂಕಿ, ಹೊಗೆ, ಧೂಳು, ಸ್ಫೋಟ ಮೊದಲಾದವುಗಳಲ್ಲಿ ಅನೇಕವು ವಾಸ್ತವವಾಗಿ ಮೊದಲೇ ಸಿದ್ಧಪಡಿಸಿಟ್ಟ ಸ್ಥಿರಚಿತ್ರಗಳ ಸರಣಿಯಷ್ಟೇ. ಈ ಚಿತ್ರಗಳನ್ನು ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಒಂದೇ ದೊಡ್ಡ ಚಿತ್ರದೊಳಗೆ ಜೋಡಿಸಿಡಲಾಗುತ್ತದೆ. ಅಂಚೆಚೀಟಿಗಳ ಹಾಳೆಯನ್ನು ಹೋಲುವ ಇದಕ್ಕೆ 'ಸ್ಪ್ರೈಟ್ ಶೀಟ್' ಎಂದು ಹೆಸರು. ಆಟ ನಡೆಯುವಾಗ ಕಂಪ್ಯೂಟರ್ ಒಂದೊಂದೇ ಚೌಕವನ್ನು ಕ್ರಮವಾಗಿ, ಒಂದೇ ಸ್ಥಳದಲ್ಲಿ ತೋರಿಸುತ್ತ ಹೋಗುತ್ತದೆ. ಮಕ್ಕಳು ನೋಟ್ ಪುಸ್ತಕದ ಮೂಲೆಗಳಲ್ಲಿ ಚಿತ್ರ ಬರೆದು ಹಾಳೆಗಳನ್ನು ಸರ್ರನೆ ತಿರುವುವ ಆಟದ ತತ್ತ್ವವೇ ಇದು. ಆದ್ದರಿಂದಲೇ ಈ ವಿಧಾನವನ್ನು 'ಫ್ಲಿಪ್‌ಬುಕ್' ಎಂದೂ ಕರೆಯುತ್ತಾರೆ.

ಏಕೆ ಬೇಕು?

ಸೆಕೆಂಡಿಗೆ 60 ದೃಶ್ಯಗಳನ್ನು ತೋರಿಸುವ ಆಟದಲ್ಲಿ ಒಂದು ದೃಶ್ಯದ ಸಿದ್ಧತೆಗೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು. ಪಾತ್ರಗಳ ಚಲನೆ, ಧ್ವನಿ, ಬೆಳಕು ಎಲ್ಲವೂ ಇಷ್ಟರೊಳಗೇ ಮುಗಿಯಬೇಕು. ಹೊಗೆಯ ಸುರುಳಿ ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಭೌತವಿಜ್ಞಾನದ ಸಮೀಕರಣಗಳಿಂದ ಆ ಕ್ಷಣದಲ್ಲೇ ಲೆಕ್ಕ ಹಾಕುವುದು ಬಹಳ ದುಬಾರಿ. ಅದೇ ಲೆಕ್ಕವನ್ನು ಆಟ ತಯಾರಾಗುವಾಗಲೇ ಬಿಡುವಾಗಿ ಮಾಡಿ, ಫಲಿತಾಂಶವನ್ನು ಚಿತ್ರಗಳಾಗಿ ಉಳಿಸಿಕೊಂಡರೆ ಆಟಗಾರನ ಯಂತ್ರಕ್ಕೆ ಉಳಿಯುವ ಕೆಲಸ ಚಿತ್ರ ಬದಲಿಸುವುದು ಮಾತ್ರ.

'ಡೂಮ್' ಕಲಿಸುವ ಪಾಠ

ಈ ವಿಧಾನ ಹುಟ್ಟಿದ್ದೇ ಕೊರತೆಯ ಕಾಲದಲ್ಲಿ. 1983ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ 'ಫ್ಯಾಮಿಕಾಮ್' ಯಂತ್ರ ಪರದೆಯ ಮೇಲೆ ಒಮ್ಮೆಗೆ 64 ಸ್ಪ್ರೈಟ್‌ಗಳನ್ನು ಮಾತ್ರ ತೋರಿಸಬಲ್ಲದಾಗಿತ್ತು. ಅವುಗಳಲ್ಲಿ ಒಂದೇ ಅಡ್ಡಗೆರೆಗೆ 8ಕ್ಕಿಂತ ಹೆಚ್ಚು ಬರುವಂತಿರಲಿಲ್ಲ.

ಕಡಿಮೆ ಚಿತ್ರಗಳಿಂದ ಹೆಚ್ಚು ಪರಿಣಾಮ ಪಡೆಯುವುದಕ್ಕೆ 1993ರ ಡಿಸೆಂಬರ್‌ನಲ್ಲಿ ಅಮೆರಿಕದ ಐಡಿ ಸಾಫ್ಟ್‌ವೇರ್ ಸಂಸ್ಥೆ ಬಿಡುಗಡೆ ಮಾಡಿದ 'ಡೂಮ್' ಆಟ ಉತ್ತಮ ನಿದರ್ಶನ. 1997ರಲ್ಲಿ ಆ ಆಟದ ಮೂಲ ಸಂಕೇತವನ್ನು ಸಂಸ್ಥೆ ಸಾರ್ವಜನಿಕಗೊಳಿಸಿತು. ಅದರಂತೆ, ರಾಕೆಟ್ ಸಿಡಿಯುವ ದೃಶ್ಯಕ್ಕೆ ಬಳಕೆಯಾಗಿರುವುದು ಕೇವಲ 3 ಚಿತ್ರಗಳು! ಆಟದ ಗಡಿಯಾರ ಸೆಕೆಂಡಿಗೆ 35 ಬಾರಿ ಮಿಡಿಯುತ್ತದೆ. ಮೊದಲ ಚಿತ್ರಕ್ಕೆ 8, ಎರಡನೆಯದಕ್ಕೆ 6, ಮೂರನೆಯದಕ್ಕೆ 4 ಮಿಡಿತಗಳ ಅವಧಿ ನಿಗದಿಯಾಗಿದೆ. ಒಟ್ಟು ಸ್ಫೋಟ ಸುಮಾರು ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ.

ಇಲ್ಲಿ ಎರಡು ಜಾಣ್ಮೆಗಳಿವೆ. ಸುತ್ತಲಿನವರಿಗೆ ತಟ್ಟುವ ಹಾನಿಯ ಲೆಕ್ಕ ಮೊದಲ ಚಿತ್ರ ಮೂಡುವಾಗಲೇ ಮುಗಿಯುತ್ತದೆ. ಕಣ್ಣಿಗೆ ಕಂಡದ್ದಕ್ಕೂ ಆಟದಲ್ಲಿ ಆದದ್ದಕ್ಕೂ ಅಂತರ ಉಳಿಯುವುದಿಲ್ಲ. ಜೊತೆಗೆ, ಮೊದಲ ಚಿತ್ರದ ಅವಧಿಯಿಂದ 0ರಿಂದ 3 ಮಿಡಿತಗಳನ್ನು ಗೊತ್ತುಗುರಿಯಿಲ್ಲದೆ ಕಳೆಯಲಾಗುತ್ತದೆ. ಹೀಗಾಗಿ ಪ್ರತಿ ಸ್ಫೋಟವೂ ಯಂತ್ರದಂತೆ ಒಂದೇ ಲಯದಲ್ಲಿ ಸಿಡಿಯುವುದಿಲ್ಲ. ಚಿತ್ರಗಳ ಸಂಖ್ಯೆಗಿಂತ ಅವುಗಳ ಕಾಲಗತಿಯೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮೆಮೊರಿಯ ಲೆಕ್ಕ

ಇಂದಿನ ಒಂದು ಸ್ಪ್ರೈಟ್ ಶೀಟ್ ಅಡ್ಡಕ್ಕೆ 8, ಕೆಳಕ್ಕೆ 8ರಂತೆ 64 ಚೌಕಗಳನ್ನು ಹೊಂದಿದೆ ಎಂದುಕೊಳ್ಳೋಣ. ಹಾಳೆಯ ಅಳತೆ 2048×2048 ಪಿಕ್ಸೆಲ್ ಆದರೆ ಪ್ರತಿ ಚೌಕಕ್ಕೆ 256×256 ಪಿಕ್ಸೆಲ್ ದೊರೆಯುತ್ತದೆ. ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ ಈ ಒಂದೇ ಹಾಳೆ 16 ಮೆಗಾಬೈಟ್ ಜಾಗ ಬೇಡುತ್ತದೆ. ಮೊಬೈಲ್‌ಗಳಲ್ಲಿ ಬಳಕೆಯಲ್ಲಿರುವ 'ಇಟಿಸಿ2' ಸಂಕೋಚನದಿಂದ ಅದನ್ನು 4 ಮೆಗಾಬೈಟ್‌ಗೆ ಇಳಿಸಬಹುದು. ಇಷ್ಟೆಲ್ಲ ಮಾಡಿಯೂ ಸೆಕೆಂಡಿಗೆ 30 ಚಿತ್ರಗಳಂತೆ ದೊರೆಯುವುದು 2 ಸೆಕೆಂಡಿಗಿಂತ ತುಸು ಹೆಚ್ಚಿನ ದೃಶ್ಯ ಮಾತ್ರ. ಚೌಕಗಳನ್ನು ಅದೇ ಅಳತೆಯಲ್ಲಿಟ್ಟು ಚಿತ್ರಗಳನ್ನು 16ಕ್ಕೆ ಇಳಿಸಿದರೆ ಮೆಮೊರಿಯ ಬಳಕೆ ಕಾಲು ಭಾಗಕ್ಕೆ ಕುಗ್ಗುತ್ತದೆ.

ಚಿತ್ರಗಳು ಕಡಿಮೆಯಾದಾಗ ಚಲನೆ ಕುಪ್ಪಳಿಸಿದಂತೆ ಕಾಣುವುದುಂಟು. ಒಂದು ಚಿತ್ರವನ್ನು ಮುಂದಿನದರೊಡನೆ ಬೆರೆಸುತ್ತ ಹೋಗುವುದು ಇದಕ್ಕೆ ಸರಳ ಪರಿಹಾರ. ಆದರೆ ಅದರಿಂದ ನೆರಳಿನಂಥ ಜೋಡಿ ಆಕೃತಿ ಮೂಡುತ್ತದೆ. ಪ್ರತಿ ಪಿಕ್ಸೆಲ್ ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದನ್ನು ಇನ್ನೊಂದು ಹಾಳೆಯಲ್ಲಿ ದಾಖಲಿಸಿಟ್ಟು, ಅದರಂತೆ ಚಿತ್ರವನ್ನು ಎಳೆದು ಬೆರೆಸುವ ವಿಧಾನ ಹೆಚ್ಚು ಸಹಜವಾಗಿ ಕಾಣುತ್ತದೆ.

ತಯಾರಿ ಹೇಗೆ?

ಚಿತ್ರಗಳನ್ನು ಕೈಯಿಂದ ಬರೆಯಬಹುದು, ಅಥವಾ ತಂತ್ರಾಂಶಗಳಲ್ಲಿ ಬೆಂಕಿ-ಹೊಗೆಯ ಅನುಕರಣೆ ನಡೆಸಿ ಪಡೆಯಬಹುದು. ಉಚಿತವಾಗಿ ದೊರೆಯುವ 'ಬ್ಲೆಂಡರ್' ತಂತ್ರಾಂಶಕ್ಕೆ 2020ರ 2.82ನೇ ಆವೃತ್ತಿಯಲ್ಲಿ 'ಮಾಂಟಾಫ್ಲೋ' ಎಂಬ ಅನುಕರಣ ವ್ಯವಸ್ಥೆ ಸೇರ್ಪಡೆಯಾಯಿತು. 'ಹೂಡಿನಿ', 'ಎಂಬರ್‌ಜೆನ್' ತಂತ್ರಾಂಶಗಳೂ ಈ ಕೆಲಸಕ್ಕೆ ಬಳಕೆಯಲ್ಲಿವೆ. ಸಿದ್ಧವಾದ ಹಾಳೆಯನ್ನು 'ಯೂನಿಟಿ', 'ಅನ್‌ರಿಯಲ್', 'ಗೋಡೋ' ಮುಂತಾದ ಆಟ ನಿರ್ಮಾಣ ವ್ಯವಸ್ಥೆಗಳಿಗೆ ಸೇರಿಸಿ, ಅಡ್ಡಸಾಲು-ಕಂಬಸಾಲುಗಳ ಸಂಖ್ಯೆ ಮತ್ತು ವೇಗವನ್ನು ತಿಳಿಸಿದರಾಯಿತು.

ಎಚ್ಚರ ವಹಿಸಬೇಕಾದ ಅಂಶಗಳು

* ಚೌಕಗಳ ನಡುವೆ ಖಾಲಿ ಅಂಚು ಇರಬೇಕು. ಇಲ್ಲವಾದರೆ ಪಕ್ಕದ ಚಿತ್ರದ ಅಂಚು ಗೆರೆಯಂತೆ ಇಣುಕುತ್ತದೆ.

* ಬೆಂಕಿ ಬೆಳಕನ್ನು ಚೆಲ್ಲುತ್ತದೆ, ಹೊಗೆ ಬೆಳಕನ್ನು ತಡೆಯುತ್ತದೆ. ಬೆಂಕಿಯ ಬಣ್ಣವನ್ನು ಹಿನ್ನೆಲೆಗೆ ಕೂಡಿಸಬೇಕು. ಹೊಗೆ ಹಿನ್ನೆಲೆಯನ್ನು ಮರೆಮಾಡಬೇಕು.

* ಒಂದೇ ಹಾಳೆಯಿಂದ ಹತ್ತು ಕಡೆ ಹೊಗೆ ಏಳುವಾಗ ಆರಂಭದ ಚಿತ್ರ, ಗಾತ್ರ ಮತ್ತು ತಿರುವುಗಳನ್ನು ಬದಲಿಸದಿದ್ದರೆ ನಕಲು ಎದ್ದು ಕಾಣುತ್ತದೆ.

* ಪಾರದರ್ಶಕ ಚಿತ್ರಗಳ 20 ಪದರಗಳು ಪರದೆಯನ್ನು ಆವರಿಸಿದರೆ ಪ್ರತಿ ಪಿಕ್ಸೆಲ್‌ಗೂ 20 ಬಾರಿ ಬಣ್ಣ ಬಳಿಯಬೇಕಾಗುತ್ತದೆ. ಕಡಿಮೆ ಬೆಲೆಯ ಫೋನುಗಳು ಬಿಸಿಯಾಗಿ ಆಟ ತಡವರಿಸಲು ಇದೊಂದು ಮುಖ್ಯ ಕಾರಣ.

* ಚಿತ್ರ ಚಪ್ಪಟೆಯಾದುದು. ನೋಡುಗನತ್ತಲೇ ಮುಖ ಮಾಡಿ ನಿಲ್ಲುವ ಅದು ಗೋಡೆಯನ್ನು ಹಾದಾಗಲೋ, ಎರಡೂ ಕಣ್ಣುಗಳಿಗೆ ಬೇರೆ ಬೇರೆ ದೃಶ್ಯ ಒದಗಿಸುವ ವರ್ಚುವಲ್ ರಿಯಾಲಿಟಿಯಲ್ಲೋ ಗುಟ್ಟು ಬಿಟ್ಟುಕೊಡುತ್ತದೆ.

ಕಣ್ಣು ಕೋರೈಸುವ ಮುನ್ನ

ಚಿತ್ರಗಳನ್ನು ವೇಗವಾಗಿ ಬದಲಿಸುವ ಈ ವಿಧಾನದಲ್ಲಿ ಆರೋಗ್ಯದ ಪ್ರಶ್ನೆಯೂ ಅಡಗಿದೆ. 1997ರ ಡಿಸೆಂಬರ್ 16ರಂದು ಜಪಾನಿನ ದೂರದರ್ಶನದಲ್ಲಿ ಪ್ರಸಾರವಾದ 'ಪೋಕೆಮಾನ್' ಕಾರ್ಟೂನಿನ ಒಂದು ಕಂತಿನಲ್ಲಿ, ಸ್ಫೋಟದ ದೃಶ್ಯಕ್ಕಾಗಿ ಕೆಂಪು-ನೀಲಿ ಬಣ್ಣಗಳನ್ನು ಅತಿ ವೇಗವಾಗಿ ಮಿಂಚಿಸಲಾಗಿತ್ತು. ಅದನ್ನು ನೋಡಿದ 600ಕ್ಕೂ ಹೆಚ್ಚು ಮಂದಿ, ಬಹುತೇಕ ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಅಂತರಜಾಲ ಪುಟಗಳಿಗಾಗಿ ರೂಪಿಸಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ, ಯಾವುದೇ ಒಂದು ಸೆಕೆಂಡಿನಲ್ಲಿ 3ಕ್ಕಿಂತ ಹೆಚ್ಚು ಬಾರಿ ಮಿಂಚುವ ದೃಶ್ಯ ಬೇಡವೆನ್ನುತ್ತದೆ. ಆಟ ನಿರ್ಮಾಪಕರಿಗೂ ಇದು ಒಳ್ಳೆಯ ಅಳತೆಗೋಲು. ಹತ್ತು ಬಾರಿ ಮಿಂಚುವ ಸ್ಫೋಟಕ್ಕಿಂತ ಒಮ್ಮೆ ಬೆಳಗಿ, ಹರಡಿ, ಆರಿಹೋಗುವ ಸ್ಫೋಟ ಕಣ್ಣಿಗೂ ಹಿತ, ಫೋನಿನ ಮೆಮೊರಿಗೂ ಹಗುರ.